ಸ್ಪ್ಯಾನರ್ ಹಿಡಿದ ತಪ್ಪಿಗೆ ಇಡೀ ವಾರಂಟಿ ಹೋಗಬೇಕೆ?

ಅಡಿಕೆ ಮಾರಿದ ದುಡ್ಡಿನಲ್ಲೋ ಬ್ಯಾಂಕ್ ಸಾಲದಲ್ಲೋ ಕೊಂಡ ಹೊಸ ಕಾರು ಕಡೂರು, ತರೀಕೆರೆ, ಅಜ್ಜಂಪುರದ ಮನೆಯಂಗಳಕ್ಕೆ ಬಂದಾಗ ಅದರೊಂದಿಗೆ ಒಂದು ಪುಸ್ತಕವೂ ಬರುತ್ತದೆ. ಪೂಜೆ ಮುಗಿದ ಮೇಲೆ ಅದು ಡ್ಯಾಶ್‌ಬೋರ್ಡಿನೊಳಗೆ ಸೇರಿಬಿಡುತ್ತದೆ. ವಾರಂಟಿಯ ಷರತ್ತುಗಳು ಇರುವುದು ಅದರಲ್ಲೇ. ಅದನ್ನು ಬಿಡಿಸಿ ಓದುವ ಹೊತ್ತಿಗೆ ಗಾಡಿ ಕೆಟ್ಟಿರುತ್ತದೆ.

ಕಾರು ಇಟ್ಟುಕೊಂಡವನು ತಾನೇ ಬಾನೆಟ್ ಎತ್ತುವುದಕ್ಕೆ ಕಾರಣಗಳಿವೆ. ‘ಫ್ರೀ ಸರ್ವಿಸ್’ನಲ್ಲಿ ಸಾಮಾನ್ಯವಾಗಿ ಫ್ರೀ ಇರುವುದು ಕೂಲಿ ಮಾತ್ರ, ಆಯಿಲ್, ಫಿಲ್ಟರ್‌ಗಳಿಗೆ ಬಿಲ್ಲು ಬಂದೇ ಬರುತ್ತದೆ. ತನ್ನ ಕಂಪನಿಯ ಸರ್ವಿಸ್ ಸೆಂಟರ್ ಊರಲ್ಲಿಲ್ಲದಿದ್ದರೆ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೋಗಬೇಕು. ಕಡೂರಿನಿಂದ ಚಿಕ್ಕಮಗಳೂರೇ ಸುಮಾರು 40 ಕಿ.ಮೀ. ಒಂದು ದಿನದ ಕೆಲಸ ಅಲ್ಲಿಗೇ ಹೋಯಿತು. ಯೂಟ್ಯೂಬ್‌ನಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಆಯಿಲ್ ಚೇಂಜ್ ಭಾನುವಾರ ಮನೆಯಲ್ಲೇ ಆಗಿಬಿಡಲಿ ಅನ್ನಿಸುವುದು ಸಹಜ.

ಆದರೆ ವಿಡಿಯೊದಲ್ಲಿ ಕೈಯ ಹದ ಕಾಣುವುದಿಲ್ಲ. ಡ್ರೈನ್ ನಟ್ಟನ್ನು ಒಂದು ಸುತ್ತು ಜಾಸ್ತಿ ಬಿಗಿದರೆ ಆಯಿಲ್ ನಿಲ್ಲುವ ಅಲ್ಯೂಮಿನಿಯಂ ಸಂಪಿನ ಥ್ರೆಡ್ ಹೋಗುತ್ತದೆ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ನಿಗೆ ಅಂಟಿಕೊಂಡಿದ್ದು, ಅದರ ಮೇಲೇ ಹೊಸದನ್ನು ಕೂರಿಸಿದರೆ ಒತ್ತಡಕ್ಕೆ ಆಯಿಲ್ ಹೊರಗೆ ಚಿಮ್ಮುತ್ತದೆ. ಗಮನಿಸದೆ ಓಡಿಸಿದರೆ ಇಂಜಿನ್ ಸೀಜ್. ಬ್ಯಾಟರಿಯ ಪ್ಲಸ್ಸು–ಮೈನಸ್ಸು ಅದಲುಬದಲಾದರೆ ಫ್ಯೂಸಿನ ಜೊತೆ ಆಲ್ಟರ್ನೇಟರ್, ಇಂಜಿನ್ ನಿಯಂತ್ರಿಸುವ ಇಸಿಯು ಕೂಡ ಸುಡಬಹುದು. 2020ರ ಏಪ್ರಿಲ್ 1ರಿಂದ ಬಿಎಸ್–6 ಕಡ್ಡಾಯವಾದ ಮೇಲೆ ಡೀಸೆಲ್ ಕಾರುಗಳಿಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬಂದಿದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಅಂಗಡಿಯವನು ಕೊಟ್ಟ ಯಾವುದೋ ಡಬ್ಬಿ ಸುರಿದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಇಂಥ ನಷ್ಟವನ್ನು ಕಂಪನಿ ಭರಿಸಬೇಕೆಂದು ಯಾರೂ ವಾದಿಸಲಾರರು. ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ತಕರಾರು ಹುಟ್ಟುವುದು ಆಮೇಲೆ: ‘ಹೊರಗೆ ಕೈ ಹಾಕಿಸಿದ್ದೀರಿ, ವಾರಂಟಿ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಇಡೀ ಗಾಡಿಯನ್ನು ಕೈಬಿಟ್ಟಾಗ. ಸಂಪಿನ ಥ್ರೆಡ್ ಕೆಡಿಸಿದವನು ಸಂಪಿನ ದುಡ್ಡು ಕೊಡಲಿ. ಮುಂದಿನ ತಿಂಗಳು ಎ.ಸಿ. ಕಂಪ್ರೆಸರ್ ಕೈಕೊಟ್ಟರೆ ಅದಕ್ಕೂ ಆ ನಟ್ಟಿಗೂ ಏನು ಸಂಬಂಧ?

ಈ ಪ್ರಶ್ನೆಗೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲೇ ಉತ್ತರಿಸಿದೆ. ಶಂಶೇರ್ ಕಟಾರಿಯಾ ಎಂಬವರ ದೂರಿನ ಮೇಲೆ ತನಿಖೆ ನಡೆದು, ಆ ವರ್ಷದ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ಮುಖ್ಯ ಆರೋಪ. ದಂಡದ ವಿಷಯ ಮೇಲ್ಮನವಿಗೆ ಹೋಯಿತು. ಸಾಮಾನ್ಯ ಗ್ರಾಹಕನಿಗೆ ಮುಖ್ಯವಾದದ್ದು ಆದೇಶದ ಇನ್ನೊಂದು ಭಾಗ: ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಪೂರ್ತಿ ರದ್ದು ಎಂಬ ಸಾರಾಸಗಟು ಷರತ್ತು ಹಾಕುವಂತಿಲ್ಲ, ಕೆಟ್ಟ ರಿಪೇರಿಯಿಂದ ಎಷ್ಟು ಹಾನಿಯಾಯಿತೋ ಅಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು. ಅಮೆರಿಕದಲ್ಲಿ ಇದೇ ಧಾಟಿಯ ಮ್ಯಾಗ್ನಸನ್–ಮಾಸ್ ಕಾಯ್ದೆ 1975ರಿಂದ ಇದೆ.

ಆಯೋಗದ ಆದೇಶ ಹೊರಟಿದ್ದು ಊರಿನ ಗ್ಯಾರೇಜುಗಳನ್ನು ಮನಸ್ಸಿನಲ್ಲಿಟ್ಟು. ಇದು ತಾಲ್ಲೂಕು ಕೇಂದ್ರಗಳಿಗೆ ಹೆಚ್ಚು ತಟ್ಟುವ ಸಂಗತಿ. ವಾರಂಟಿಯ ಹೆದರಿಕೆಗೆ ಹೊಸ ಗಾಡಿಗಳು ಸ್ಥಳೀಯ ಮೆಕ್ಯಾನಿಕ್ ಬಳಿ ಬಾರದೇ ಹೋದರೆ ಅವನು ಹೊಸ ಇಂಜಿನ್ ಕಲಿಯುವುದಾದರೂ ಎಲ್ಲಿ? ಕೇಂದ್ರ ಸರ್ಕಾರ ರಿಪೇರಿ ಮಾಹಿತಿಗಾಗಿ 2022ರ ಡಿಸೆಂಬರ್‌ನಲ್ಲಿ ತೆರೆದ ‘ರೈಟ್ ಟು ರಿಪೇರ್’ ಪೋರ್ಟಲ್ ಕಾರುಗಳ ಜೊತೆ ಕೃಷಿ ಯಂತ್ರಗಳನ್ನೂ ಸೇರಿಸಿಕೊಂಡಿದೆ. ಟ್ರ್ಯಾಕ್ಟರ್ ನಂಬಿ ಈರುಳ್ಳಿ ಬೆಳೆಯುವ ಅಜ್ಜಂಪುರದ ರೈತನಿಗೂ ಇದು ತನ್ನದೇ ವಿಷಯ.

ಹಾಗಂತ ಗ್ರಾಹಕ ಪೂರ್ತಿ ಕೈತೊಳೆದುಕೊಳ್ಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ, ಹಾನಿಯಾದಾಗ ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲೆ ಉತ್ಪನ್ನ ಹೊಣೆಗಾರಿಕೆಯ ಕ್ರಮ ಹೂಡಲಾಗದು. ಹೆಚ್ಚುವರಿ ಹಾರ್ನ್, ಲೈಟಿಗಾಗಿ ವೈರಿಂಗ್ ಕತ್ತರಿಸಿದವರು ಇದನ್ನು ನೆನಪಿಡಬೇಕು. ತಾನೇ ಕೈ ಹಾಕಿದ್ದನ್ನು ಮುಚ್ಚಿಟ್ಟರೆ ಕೇಸು ಇನ್ನಷ್ಟು ಸೊರಗುತ್ತದೆ. ಆಯಿಲಿನ ಬಿಲ್ಲು, ಗ್ರೇಡ್ ಕಾಣುವ ಫೋಟೊ ಇಟ್ಟುಕೊಂಡವನ ಮಾತಿಗೆ ತೂಕ ಬರುತ್ತದೆ.

ಸರ್ವಿಸ್ ಸೆಂಟರ್‌ಗಳೂ ಬಾಯಿಮಾತಿನಲ್ಲೇ ವಾರಂಟಿ ನಿರಾಕರಿಸುವುದನ್ನು ಬಿಡಬೇಕು. ಯಾವ ಭಾಗ ಕೆಟ್ಟಿದೆ, ಹೊರಗಿನ ಕೆಲಸದಿಂದಲೇ ಕೆಟ್ಟಿತು ಎನ್ನಲು ಆಧಾರವೇನು, ಯಾವುದಕ್ಕೆ ವಾರಂಟಿ ಇನ್ನೂ ಉಳಿದಿದೆ ಎಂಬ ಮೂರನ್ನೂ ಜಾಬ್ ಕಾರ್ಡಿನ ಜೊತೆ ಕನ್ನಡದಲ್ಲಿ ಬರೆದು ಕೊಡಲಿ. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕಾರು ಕೊಂಡದ್ದು ಬೆಂಗಳೂರಿನಲ್ಲಾದರೂ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಗಾಡಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.