ಏಳನೇ ಕುರ್ಚಿ



ಜಯನಗರ ದಾಟಿ ಬನ್ನೇರುಘಟ್ಟ ರಸ್ತೆಗೆ ಹೋದರೆ ಐಐಎಂ, ಕಲ್ಲಿನ ಕಟ್ಟಡ. ಇಂಥ ಕಡೆ ಕಸ ಗುಡಿಸೋ ಕೈಗೆ ಯಾರೂ ಮೆರಿಟ್ ಕೇಳಲ್ಲ, ಪಾಠ ಹೇಳೋ ಕುರ್ಚಿಗೆ ಮಾತ್ರ ಕೇಳ್ತಾರೆ.

2018ರಲ್ಲಿ ಯುಜಿಸಿ ಒಂದು ಲೆಕ್ಕ ಹೂಡಿತು: ಮೀಸಲಾತಿಯನ್ನು ಇಡೀ ವಿಶ್ವವಿದ್ಯಾಲಯಕ್ಕಲ್ಲ, ಒಂದೊಂದು ವಿಭಾಗಕ್ಕೂ ಬೇರೆಬೇರೆ ಎಣಿಸಿ ಅಂತ. ಏಳನೇ ಹುದ್ದೆ ಪರಿಶಿಷ್ಟ ಜಾತಿಗೆ, ಹದಿನಾಲ್ಕನೇದು ಪಂಗಡಕ್ಕೆ. ಆರೇ ಮೇಷ್ಟ್ರಿರೋ ವಿಭಾಗದಲ್ಲಿ ನಮ್ಮ ಸರದಿ ಯಾವ ಜನ್ಮಕ್ಕೆ?

ಜನ ಬೀದಿಗಿಳಿದರು. 2019ರಲ್ಲಿ ಕೇಂದ್ರದ ಕಾನೂನು ಬಂತು, ಇಡೀ ಸಂಸ್ಥೆಯೇ ಲೆಕ್ಕದ ಘಟಕವಾಯ್ತು. ಆಮೇಲೂ ಐಐಎಂಗಳು ವಿನಾಯಿತಿ ಕೇಳಿದವು. ತಾವು ಶ್ರೇಷ್ಠರಂತೆ! ಅಗ್ರಹಾರದಂಥ ಸ್ಟಾಫ್ ರೂಮಿಗೆ ಅದರ ತಪ್ಪು ತೋರಿಸೋರು ಯಾರು? ತಿದ್ದಿಕೊಳ್ಳೋದು ಹೇಗೆ?

ಹಾಸ್ಟೆಲಿನ ತಮ್ಮ ತಂಗಿಯರೇ, ನಿಮ್ಮ ವಿಶ್ವವಿದ್ಯಾಲಯದ ರೋಸ್ಟರ್ ವಹಿ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.