ಗುಡ್ಡದ ಮೇಲಿನ ತರಗತಿ, ಕನ್ನಡವಿಲ್ಲದ ಪರದೆ

ಕಾಲೇಜು ಹುಡುಗರ ಕೈಯಲ್ಲಿ ಮೊಬೈಲ್ ಕಂಡರೆ ಸಾಕು, ಓದು ಹಾಳಾಯಿತು ಎಂದು ಮನೆಯವರು, ಮೇಷ್ಟ್ರುಗಳು ತೀರ್ಮಾನಿಸಿಬಿಡುತ್ತಾರೆ. ಹಾಗೆನ್ನುವವರು ಲಾಕ್‌ಡೌನ್ ದಿನಗಳನ್ನು ನೆನೆಯಬೇಕು. ಸುಳ್ಯ, ಶಿರಸಿ ಕಡೆಯ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಜಡಿಮಳೆಯಲ್ಲಿ ಟಾರ್ಪಾಲಿನಡಿ ಕೂತು, ಕೊಡೆ ಹಿಡಿದು ಪಾಠ ಕೇಳಿದರು. ಓದುವ ಹಂಬಲವಿಲ್ಲದವರು ಇಂಬಳ ಕಚ್ಚಿಸಿಕೊಂಡು ಅಲ್ಲಿ ಕೂರುತ್ತಿರಲಿಲ್ಲ.

ತಂತ್ರಜ್ಞಾನವೆಂದರೆ ಈ ಮಕ್ಕಳಿಗೆ ಬಹುಪಾಲು ಫೋನೇ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ಗ್ರಾಮೀಣ ಮನೆಗಳ ಪೈಕಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ ಮಾತ್ರ. ಅಸೈನ್‌ಮೆಂಟ್ ಟೈಪಿಸುವುದು, ನೋಟ್ಸ್ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಫಲಿತಾಂಶ ನೋಡುವುದು, ಎಲ್ಲವೂ ಅಂಗೈಯಗಲದ ಅದೇ ಪರದೆಯಲ್ಲಿ. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡಲು ಹೊರಟಿತು. ಒಳ್ಳೆಯ ಕೆಲಸವೇ. ಆದರೆ ಅದರೊಳಗೆ ಓದಲು ಏನಿರಬೇಕು ಎಂಬ ಪ್ರಶ್ನೆ ಅಷ್ಟೇ ದೊಡ್ಡದು.

ಕೇಂದ್ರದ ಆನ್‌ಲೈನ್ ಪಾಠಗಳ ‘ಸ್ವಯಂ’ ವೇದಿಕೆ 2017ರಿಂದ ಇದೆ. ಒಂದು ಸೆಮಿಸ್ಟರಿನ ಶೇ 40ರಷ್ಟು ಕ್ರೆಡಿಟ್‌ಗಳನ್ನು ಅದರ ಮೂಲಕ ಗಳಿಸಲು ಯುಜಿಸಿ 2021ರಲ್ಲಿ ಅವಕಾಶ ಕೊಟ್ಟಿತು. ಆದರೆ ಅಲ್ಲಿನ ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಪರೀಕ್ಷೆ ಬರೆಯುವ ಬಿ.ಎ. ವಿದ್ಯಾರ್ಥಿನಿ ಹತ್ತು ನಿಮಿಷ ನೋಡಿ ಯೂಟ್ಯೂಬಿಗೆ ಮರಳಿದರೆ ಅದನ್ನು ಸೋಮಾರಿತನ ಎನ್ನಲಾಗದು. ಸ್ಪರ್ಧಾತ್ಮಕ ಪರೀಕ್ಷೆಗೆ ತರಬೇತಿ ಕೊಡುವವರು ಅಲ್ಲಿ ಇತಿಹಾಸ, ಅರ್ಥಶಾಸ್ತ್ರವನ್ನು ಅವಳದೇ ಮಾತಿನಲ್ಲಿ ಹೇಳುತ್ತಾರೆ. ತಿಳಿಯದ ಕಡೆ ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ತುಂಬಿದ ತರಗತಿಯಲ್ಲಿ ಆ ಅನುಕೂಲವಿಲ್ಲ. ಆದರೆ ಎದ್ದು ನಿಂತು ಕೇಳಿದ ಸಂದೇಹಕ್ಕೆ ವಿಡಿಯೊ ಉತ್ತರ ಕೊಡುವುದಿಲ್ಲ. ಅದಕ್ಕೇ ಅವಳಿಗೆ ಮೇಷ್ಟ್ರೂ ಬೇಕು, ಫೋನೂ ಬೇಕು.

ಕುವೆಂಪು ಕುಲಪತಿಯಾಗಿದ್ದಾಗ ಮೈಸೂರು ವಿಶ್ವವಿದ್ಯಾಲಯ ಕನ್ನಡ ಮಾಧ್ಯಮಕ್ಕೆ ದಾರಿ ತೆರೆದು, ಪದವಿ ತರಗತಿಗೆ ಕನ್ನಡದಲ್ಲಿ ಪಠ್ಯ ಬರೆಸಲು ಮುಂದಾಯಿತು. ಆಗ ಅಚ್ಚಿನ ಮನೆ ಮಾಡಿದ್ದನ್ನು ಈಗ ಕ್ಯಾಮೆರಾ ಮಾಡಬೇಕು. ಪ್ರತಿ ವಿಶ್ವವಿದ್ಯಾಲಯದಲ್ಲೂ ವಿದ್ಯಾರ್ಥಿಗಳು ಕಾದು ಕೂತು ಕೇಳುವಂಥ ಅಧ್ಯಾಪಕರು ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. ಅವರ ಪಾಠಗಳನ್ನು ಕನ್ನಡದಲ್ಲೇ ಚಿತ್ರೀಕರಿಸಿ, ಪಾರಿಭಾಷಿಕ ಪದಗಳ ಪಟ್ಟಿಯೊಂದಿಗೆ ಉಚಿತವಾಗಿ ಕೊಡಲಿ. ಅರ್ಥಶಾಸ್ತ್ರದ ಒಂದೇ ಒಂದು ಪತ್ರಿಕೆಯಿಂದ ಶುರುಮಾಡಿದರೂ ಆದೀತು. ಕಾಲೇಜಿನಲ್ಲಿ ಇಳಿಸಿಕೊಂಡು, ಸಿಗ್ನಲ್ ಇಲ್ಲದ ಊರಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಕೇಳುವಂತಿರಬೇಕು.