ಕತ್ತಿನ ಗಂಟು ದುಪಟ್ಟಾದ ಮರೆಯಲ್ಲಿ ಉಳಿಯದಿರಲಿ



ನಮ್ಮ ಸೂರಗೊಂಡನಕೊಪ್ಪದ ಕಡೆ ಬಂಜಾರ ಅಜ್ಜಿಯರ ಕತ್ತನ್ನು ಸರಗಳು ಮುಚ್ಚಿರುತ್ತವೆ, ನಮ್ಮ ಕತ್ತನ್ನು ದುಪಟ್ಟಾ. ಹೀಗಾಗಿ ಗಂಟಲ ಕೆಳಗೆ ಎದ್ದ ಗಂಟು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರಬಹುದು. ಕಂಡರೂ ಹೇಳುವವರು ಕಡಿಮೆ. ಮದುವೆಯ ಮಾತುಕತೆ ನಡೆಯುತ್ತಿರುವ ಹುಡುಗಿಯಾದರಂತೂ ತಾಯಿಯೇ ಬಾಯಿ ಮುಚ್ಚಿಸುತ್ತಾಳೆ.

ಗಂಟಲ ಮುಂಭಾಗದಲ್ಲಿ ಶ್ವಾಸನಾಳಕ್ಕೆ ಅಂಟಿಕೊಂಡು ಚಿಟ್ಟೆಯಾಕಾರದ ಥೈರಾಯಿಡ್ ಗ್ರಂಥಿಯಿದೆ. ಅದರಲ್ಲಿ ಎದ್ದ ಗಂಟು ಉಗುಳು ನುಂಗುವಾಗ ಮೇಲೆ ಕೆಳಗೆ ಚಲಿಸುತ್ತದೆ. ಕನ್ನಡಿಯ ಮುಂದೆ ಗಲ್ಲ ಎತ್ತಿ ಒಂದು ಗುಟುಕು ನೀರು ಕುಡಿದರೆ ತಿಳಿಯುತ್ತದೆ. ಇದು ಪುರುಷರಿಗಿಂತ ಮಹಿಳೆಯರಲ್ಲೇ ಹೆಚ್ಚು. ಕೈಗೆ ಸಿಗುವಷ್ಟು ದೊಡ್ಡ ಗಂಟು ನೂರು ಮಹಿಳೆಯರಲ್ಲಿ ಸುಮಾರು 5 ಮಂದಿಗೆ ಇರುತ್ತದೆ. ಇಂತಹ ನೂರು ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುದು 5ರಿಂದ 15 ಮಾತ್ರ. ಆದರೆ ಯಾವುದು ಆ ಗುಂಪಿನದು ಎಂದು ಮುಟ್ಟಿ ನೋಡಿ ಹೇಳಲಾಗದು.

ಮಕ್ಕಳನ್ನು ಬಿಡಲು ಬರುವ ತಾಯಂದಿರಿಂದ ನಾನು ಹೆಚ್ಚಾಗಿ ಕೇಳುವ ಮಾತು, "ಟೀಚರ್, ಥೈರಾಯಿಡ್ ಟೆಸ್ಟ್ ಮಾಡಿಸಿದೆ, ನಾರ್ಮಲ್ ಬಂತು" ಎಂಬುದು. ಇಲ್ಲಿಯೇ ದೊಡ್ಡ ತಪ್ಪು ಕಲ್ಪನೆಯಿದೆ. ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆ ತಿಳಿಸುವುದು ಗ್ರಂಥಿಯ ಕೆಲಸ ಸರಿಯಿದೆಯೇ ಎಂಬುದನ್ನು. ಗಂಟಿನ ಸ್ವಭಾವವನ್ನಲ್ಲ. ಕ್ಯಾನ್ಸರ್ ಇರುವ ಅನೇಕರಲ್ಲಿ ಈ ವರದಿ ಸರಿಯಾಗಿಯೇ ಇರುತ್ತದೆ. (ಕೂದಲು ಬೆಳೆಯಲೆಂದು ಬಯೋಟಿನ್ ಮಾತ್ರೆ ನುಂಗುವವರು ವೈದ್ಯರಿಗೆ ಮೊದಲೇ ಹೇಳಿ. ಅದು ವರದಿಯನ್ನೇ ಏರುಪೇರು ಮಾಡಬಹುದು.)

ಆದ್ದರಿಂದ ರಕ್ತಪರೀಕ್ಷೆಯ ಜೊತೆಗೆ ಕತ್ತಿನ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬೇಕು. ಅದರಲ್ಲಿ ಸಂಶಯದ ಲಕ್ಷಣಗಳಿದ್ದರೆ 1 ಸೆಂಟಿಮೀಟರಿನ ಗಂಟಿಗೂ ಸೂಜಿ ಪರೀಕ್ಷೆ ಮಾಡುತ್ತಾರೆ. ನೋಟಕ್ಕೆ ಸೌಮ್ಯವಾಗಿದ್ದರೆ ಒಂದೂವರೆ, ಎರಡು ಸೆಂಟಿಮೀಟರಿನವರೆಗೂ ಕಾಯಬಹುದು. ಬರೀ ನೀರು ತುಂಬಿದ್ದರೆ ರೋಗಪತ್ತೆಗೆ ಸೂಜಿ ಬೇಕಿಲ್ಲ. ಟಿ.ಎಸ್.ಎಚ್. ಕಡಿಮೆಯಿದ್ದರೆ ಐಸೊಟೋಪ್ ಸ್ಕ್ಯಾನ್ ಹೇಳಬಹುದು. ಗರ್ಭಿಣಿಯರು, ಹಾಲುಣಿಸುವವರು ಅದಕ್ಕೆ ಮೊದಲೇ ತಮ್ಮ ಸ್ಥಿತಿಯನ್ನು ತಿಳಿಸಲೇಬೇಕು.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತನ್ನು ಯಾರು ಹಬ್ಬಿಸಿದರೋ! ರಕ್ತ ತೆಗೆಯುವಂತಹ ತೆಳು ಸೂಜಿಯಿಂದ ಕೆಲವು ಕಣಗಳನ್ನು ತೆಗೆಯುತ್ತಾರೆ, ಅಷ್ಟೆ. ಕೆಲವು ನಿಮಿಷಗಳ ಕೆಲಸ, ಅದೇ ದಿನ ಮನೆಗೆ ಮರಳಬಹುದು. ನಮ್ಮ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ, ದಾವಣಗೆರೆಯೂ ದೂರವಲ್ಲ.

ಪರಪುರುಷರ ಮುಂದೆ ದುಪಟ್ಟಾ ಸರಿಸುವುದು ಹೇಗೆ ಎಂಬುದು ಹಲವರ ಸಂಕೋಚ. ವೈದ್ಯೆಯಿದ್ದರೆ ಅವರನ್ನೇ ಕೇಳಿ. ಇಲ್ಲದಿದ್ದರೆ ಚಿಕಿತ್ಸೆಗೆ ಅಗತ್ಯವಿರುವಷ್ಟು ಭಾಗವನ್ನು ತೋರಿಸಲು ಶರೀಅತ್ ಅನುಮತಿ ನೀಡಿದೆ. ಪತಿಯನ್ನೋ, ತಾಯಿಯನ್ನೋ ಜೊತೆಗೆ ಕರೆದೊಯ್ಯಿರಿ. ದುಆ ಖಂಡಿತ ಮಾಡಿ. ಆದರೆ ಒಂಟೆಯನ್ನು ಮೊದಲು ಕಟ್ಟಿಹಾಕಲು ಹೇಳಿದ ಪ್ರವಾದಿಯವರ(ಸ) ಅನುಯಾಯಿಗಳು ಕತ್ತಿಗೆ ತಾಯತ ಕಟ್ಟಿ, ಅದರಡಿಯಲ್ಲಿ ಗಂಟು ಬೆಳೆಯಲು ಬಿಡುವುದನ್ನು ತವಕ್ಕುಲ್ ಎನ್ನಲಾಗದು.

ವರದಿಯಲ್ಲಿ ಸೌಮ್ಯ ಗಂಟೆಂದು ಬಂದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಡ. ವೈದ್ಯರು ಹೇಳಿದಂತೆ ಒಂದೆರಡು ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಸಾಕು. ಗಂಟು ಕರಗಿಸಲೆಂದು ಥೈರಾಕ್ಸಿನ್ ಮಾತ್ರೆ ನುಂಗುವುದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಅಯೋಡಿನ್ ಉಪ್ಪು ಗಳಗಂಡವನ್ನು ತಡೆಯುತ್ತದೆ, ಆದರೆ ಎದ್ದ ಗಂಟನ್ನು ಇಳಿಸದು. ವರದಿ ಅಸ್ಪಷ್ಟವಾಗಿದ್ದರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾಗಬಹುದು. ಕ್ಯಾನ್ಸರೇ ಎಂದಾದರೂ ಎದೆಗುಂದಬೇಡಿ. ಇದರಲ್ಲಿ ಹೆಚ್ಚು ಕಾಣುವ ಪ್ಯಾಪಿಲರಿ ಎಂಬ ಬಗೆ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತದೆ.

ಹಾಗೆಂದು ಏನೂ ಇಲ್ಲದವರೆಲ್ಲ ಸ್ಕ್ಯಾನಿಂಗ್‌ಗೆ ಓಡಬೇಕಿಲ್ಲ. ದಕ್ಷಿಣ ಕೊರಿಯಾದಲ್ಲಿ ಹಾಗೆ ಮಾಡಿದ್ದರಿಂದ 1993ರಿಂದ 2011ರೊಳಗೆ ಪತ್ತೆಯಾದ ಥೈರಾಯಿಡ್ ಕ್ಯಾನ್ಸರ್ 15 ಪಟ್ಟು ಏರಿತು. ಸಾವಿನ ಪ್ರಮಾಣ ಮಾತ್ರ ಇದ್ದಷ್ಟೇ ಇತ್ತು. ತಡಮಾಡಬಾರದವರು ಯಾರೆಂದರೆ ಗಂಟು ಬೇಗ ಬೆಳೆಯುತ್ತಿರುವವರು, ಅದು ಕಲ್ಲಿನಂತೆ ಗಟ್ಟಿಯಾಗಿರುವವರು, ಧ್ವನಿ ಒಡೆದವರು, ನುಂಗಲು ಕಷ್ಟಪಡುವವರು, ಬಾಲ್ಯದಲ್ಲಿ ಕತ್ತಿಗೆ ವಿಕಿರಣ ಚಿಕಿತ್ಸೆ ಪಡೆದವರು, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದವರು.

ಗ್ರಂಥಿಯನ್ನು ಪೂರ್ತಿ ತೆಗೆದವರಿಗೆ ಥೈರಾಕ್ಸಿನ್ ಮಾತ್ರೆ ಜೀವನಪರ್ಯಂತ ಬೇಕು, ಅದೂ ಖಾಲಿ ಹೊಟ್ಟೆಯಲ್ಲಿ. ರಮಝಾನ್‌ನಲ್ಲಿ ಇದಕ್ಕಾಗಿ ಉಪವಾಸ ಬಿಡಬೇಕಾಗಿಲ್ಲ. ಸಹರಿಯ ಊಟಕ್ಕೆ ಅರ್ಧ, ಒಂದು ಗಂಟೆ ಮೊದಲು ನೀರಿನೊಂದಿಗೆ ನುಂಗಬಹುದು. ಅಥವಾ ರಾತ್ರಿಯ ಊಟವಾಗಿ ಮೂರ್ನಾಲ್ಕು ಗಂಟೆಗಳ ನಂತರ ತೆಗೆದುಕೊಳ್ಳಬಹುದು. ಯಾವುದು ನಿಮಗೆ ಹೊಂದುತ್ತದೆಂದು ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.